ಗೊಂಬೆ ಬಂತು, ಅಚ್ಚು ಎಲ್ಲಿ?



ನಿಮ್ಮ ಮನೆಯ ಕೂಸು ಆಡುತ್ತಿರುವ ಪ್ಲಾಸ್ಟಿಕ್ ಕಾರನ್ನು ಒಮ್ಮೆ ಕೈಗೆತ್ತಿಕೊಂಡು ತಿರುವಿ ನೋಡಿ. ಅದರ ಹೊಟ್ಟೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ದೇಶದ ಹೆಸರು ಉಬ್ಬಿಕೊಂಡಿರುತ್ತದೆ. ಬಹಳ ವರ್ಷ ಅಲ್ಲಿ ಕಾಣುತ್ತಿದ್ದದ್ದು ಒಂದೇ ಹೆಸರು, ಚೀನಾ. ಜಗತ್ತಿನ ಆಟಿಕೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲೇ ಆಗುತ್ತಿತ್ತು. ಈಗ ಕೆಲವು ಆಟಿಕೆಗಳ ಹೊಟ್ಟೆಯ ಮೇಲೆ ಭಾರತದ ಹೆಸರು ಬರತೊಡಗಿದೆ. ಅದರಲ್ಲಿ ಒಂದಿಷ್ಟು ನಮ್ಮ ಕೊಪ್ಪಳ ಜಿಲ್ಲೆಯದು.

ಗಂಗಾವತಿಯಿಂದ ಕೊಪ್ಪಳ ದಾಟಿ ಗದಗ ರಸ್ತೆ ಹಿಡಿದರೆ ಭಾನಾಪುರ ಸಿಗುತ್ತದೆ. ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು. ಜೋಳ, ಕಡಲೆ ಬೆಳೆಯುವ ಸೀಮೆ. ಅಲ್ಲಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಎಂದು 2020ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಸಾರಿದರು. 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕಟ್ಟುವವರು ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡಿ ಹೆಸರಾದ ಏಕಸ್ ಕಂಪನಿಯವರು. 5,000 ಕೋಟಿ ರೂಪಾಯಿ ಹೂಡಿಕೆ, ಐದು ವರ್ಷದಲ್ಲಿ 40,000 ಉದ್ಯೋಗ ಎಂದು ಸರ್ಕಾರ ಡಂಗುರ ಹೊಡೆಯಿತು. ದೇಶದ ಮೊದಲ ಆಟಿಕೆ ಕ್ಲಸ್ಟರ್ ಎಂದು ಪತ್ರಿಕೆಗಳೂ ಬರೆದವು.

ಸಂತೋಷ ಪಡಬೇಕೋ ಬೇಡವೋ? ಪಡಬೇಕು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವವರನ್ನು ನೋಡಿದ ಯಾರೂ ಊರ ಬಾಗಿಲಿಗೆ ಬಂದ ಕಾರ್ಖಾನೆಯನ್ನು ಬೇಡ ಎನ್ನುವುದಿಲ್ಲ. ಅದರಲ್ಲೂ ಇದು ಹೊಗೆ ಉಗುಳುವ ಕಾರ್ಖಾನೆಯಲ್ಲ. ಉಕ್ಕಿನ ಧೂಳು ಸಾಕಪ್ಪಾ ಸಾಕು ಎಂದು 2025ರ ಫೆಬ್ರವರಿ 24ರಂದು ಕೊಪ್ಪಳಕ್ಕೆ ಕೊಪ್ಪಳವೇ ಬಂದ್ ಮಾಡಿ ಬೀದಿಗಿಳಿದಿತ್ತು, ಗವಿಮಠದ ಸ್ವಾಮಿಗಳೂ ಜೊತೆಗಿದ್ದರು. ಅಂಥ ಜಿಲ್ಲೆಗೆ ಗೊಂಬೆ ಮಾಡುವ ಕಾರ್ಖಾನೆ ಬಂದರೆ ಒಳ್ಳೆಯದೇ.

ಆದರೆ ಬಂದದ್ದು ಏನು? ಈ ಪ್ರಶ್ನೆ ಕೇಳದೆ ಚಪ್ಪಾಳೆ ತಟ್ಟುವ ಅಭ್ಯಾಸ ನಮಗೆ ಹೆಚ್ಚು. ಅದಕ್ಕೇ ಈ ಮಾತು.

ಒಂದು ದೇಶದ ಕೆಲಸ ಪಕ್ಕದ ದೇಶಕ್ಕೆ ಯಾಕೆ ಬರುತ್ತದೆ? ನಮ್ಮ ಮೇಲಿನ ಪ್ರೀತಿಯಿಂದ ಯಾವ ಕಂಪನಿಯೂ ಬರುವುದಿಲ್ಲ, ಲೆಕ್ಕ ಹಾಕಿಯೇ ಬರುತ್ತದೆ. ಚೀನಾದಲ್ಲಿ ಕೂಲಿ ಏರಿತು. ಅಮೆರಿಕಕ್ಕೂ ಚೀನಾಕ್ಕೂ ಸುಂಕದ ಜಗಳ ಹತ್ತಿತು. ಕೋವಿಡ್ ಕಾಲದಲ್ಲಿ ಹಡಗು ನಿಂತವು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿಟ್ಟು ಕೆಟ್ಟೆವು ಎಂದು ದೊಡ್ಡ ದೊಡ್ಡ ಬ್ರಾಂಡಿನವರು ಚೀನಾದ ಅಕ್ಕಪಕ್ಕದ ದೇಶಗಳನ್ನು ಹುಡುಕತೊಡಗಿದರು. ವಿಯೆಟ್ನಾಂ, ಇಂಡೋನೇಷ್ಯಾ, ಭಾರತ. ಇತ್ತ ದಿಲ್ಲಿ ಸರ್ಕಾರ 2020ರಲ್ಲಿ ಆಟಿಕೆಯ ಮೇಲಿನ ಆಮದು ಸುಂಕವನ್ನು ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ ಎಂದಿತು. ಫಲ ಕಂಡಿತು. 2014-15ರಲ್ಲಿ 33 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2022-23ಕ್ಕೆ 16 ಕೋಟಿಯ ಹತ್ತಿರ ಇಳಿಯಿತು. 10 ಕೋಟಿಯೂ ಇರದಿದ್ದ ರಫ್ತು 32 ಕೋಟಿ ದಾಟಿತು.

ಇದು ಇತಿಹಾಸದಲ್ಲಿ ಹೊಸದೇನೂ ಅಲ್ಲ. ಒಂದು ಕಾಲಕ್ಕೆ ಆಟಿಕೆ ಎಂದರೆ ಹಾಂಗ್‌ಕಾಂಗ್. 1980ರಲ್ಲಿ ಚೀನಾ ತನ್ನ ಗಡಿಯಲ್ಲಿ, ಶೆಂಜೆನ್ ಮುಂತಾದ ನಾಲ್ಕು ಕಡೆ, ವಿಶೇಷ ಆರ್ಥಿಕ ವಲಯ ತೆರೆಯಿತು. ಹಾಂಗ್‌ಕಾಂಗಿನ ಗೊಂಬೆ ಕಾರ್ಖಾನೆಗಳು ಒಂದೊಂದಾಗಿ ಗಡಿ ದಾಟಿದವು. ಮೊದಲು ಚೀನಾದವರ ಕೈಗೆ ಸಿಕ್ಕಿದ್ದು ಜೋಡಿಸುವ ಕೆಲಸ, ಬಣ್ಣ ಬಳಿಯುವ ಕೆಲಸ, ಡಬ್ಬಿಗೆ ತುಂಬುವ ಕೆಲಸ. ಆದರೆ ಅವರು ಅಲ್ಲಿಗೇ ಕೂರಲಿಲ್ಲ. ಸ್ಕ್ರೂ ಮಾಡುವವನು, ಬಣ್ಣ ಮಾಡುವವನು, ಡಬ್ಬಿ ಅಚ್ಚು ಹಾಕುವವನು, ಎಲ್ಲಕ್ಕಿಂತ ಮೇಲಾಗಿ ಪ್ಲಾಸ್ಟಿಕ್ ಎರಕದ ಉಕ್ಕಿನ ಅಚ್ಚು ಕೊರೆಯುವವನು, ಇವರೆಲ್ಲ ಕಾರ್ಖಾನೆಯ ಸುತ್ತಲೇ ಹುಟ್ಟಿಕೊಂಡರು. ಶಾಂತೌ ಹತ್ತಿರದ ಚೆಂಗ್‌ಹಾಯ್ ಎಂಬ ಊರೇ ಆಟಿಕೆಯ ಊರಾಯಿತು. ಹಾಂಗ್‌ಕಾಂಗಿನ ಮಾಲೀಕ ಆಡುತ್ತಿದ್ದ ಕ್ಯಾಂಟೊನೀಸ್ ಮಾತು ಗಡಿಯಾಚೆಯ ಗುವಾಂಗ್‌ಡಾಂಗ್‌ನ ಮಾತೂ ಆಗಿತ್ತು ಎಂಬುದನ್ನು ನಮ್ಮ ಅರ್ಥಶಾಸ್ತ್ರಜ್ಞರು ಹೇಳುವುದೇ ಇಲ್ಲ. ತನ್ನ ಮಾತಿನಲ್ಲಿ ಹೇಳಿಕೊಟ್ಟರೆ ಕೆಲಸ ಕೈಗೆ ಬೇಗ ಹತ್ತುತ್ತದೆ.

ಇನ್ನೊಂದು ದೇಶ ನೋಡಿ. ಮೆಕ್ಸಿಕೊ. ಅಮೆರಿಕದ ಪಕ್ಕದ ಮನೆ. 1965ರಿಂದಲೇ ಅಮೆರಿಕದ ಕಂಪನಿಗಳು ಗಡಿಯಾಚೆ ಕಾರ್ಖಾನೆ ಹಾಕಿದವು. ಬಿಡಿಭಾಗ ಅಮೆರಿಕದಿಂದ ಬರುವುದು, ಮೆಕ್ಸಿಕೊದ ಹುಡುಗಿಯರು ಜೋಡಿಸುವುದು, ಸಿದ್ಧ ಮಾಲು ಹಿಂದಕ್ಕೆ ಹೋಗುವುದು. ನಟ್ಟು ಬೋಲ್ಟು ಕೂಡ ಹೆಚ್ಚಾಗಿ ಹೊರಗಿನದೇ. ಹೀಗೆ 35 ವರ್ಷ ನಡೆಯಿತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದೇ ತಡ, ಆ ಕಾರ್ಖಾನೆಗಳಲ್ಲಿ ಎಷ್ಟೋ ಬಾಗಿಲು ಎಳೆದುಕೊಂಡು ಚೀನಾಕ್ಕೆ ಹೊರಟವು. ತಡೆಯುವುದಕ್ಕೆ ಮೆಕ್ಸಿಕೊದವರ ಕೈಯಲ್ಲಿ ಏನಿತ್ತು? ಜೋಡಿಸುವ ಕೈ ಎಲ್ಲಿ ಬೇಕಾದರೂ ಸಿಗುತ್ತದೆ. ಈಗ ಗಾಳಿ ತಿರುಗಿದೆ. 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಮಾಲು ಕಳಿಸಿದ ದೇಶ ಚೀನಾ ಆಗಿರಲಿಲ್ಲ, ಮೆಕ್ಸಿಕೊ ಆಗಿತ್ತು. ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪನಿ 2022ರಲ್ಲಿ ಮೊಂಟೆರ್‍ರೆ ಬಳಿಯ ತನ್ನ ಕಾರ್ಖಾನೆಯನ್ನು ದೊಡ್ಡದು ಮಾಡಿಕೊಂಡಿತು. ಹೋದದ್ದು ಮರಳಿ ಬಂತು. ನಾಳೆ ಮತ್ತೆ ಹೋಗಬಹುದು.

ಕೊಪ್ಪಳ ಶೆಂಜೆನ್ ಆಗುತ್ತದೋ, ಹಳೆಯ ಮೆಕ್ಸಿಕೊ ಆಗುತ್ತದೋ? ನಾನು ಕೇಳುವುದು ಇಷ್ಟೇ.

ನಾನು ಪ್ರೆಸ್ಸಿನವನು. ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತವನು. ಅರ್ಥಶಾಸ್ತ್ರ ಓದಿಲ್ಲ. ಆದರೆ ಅಚ್ಚು ಎಂದರೆ ಏನು ಎಂದು ಬಲ್ಲೆ. ಆಗೆಲ್ಲ ಗಂಗಾವತಿಯ ಅಕ್ಕಿ ಗಿರಣಿಗಳ ಚೀಟಿ, ಬಿಲ್‌ಬುಕ್ಕು, ಲೇಬಲ್ಲು ಟ್ರೆಡಲ್ ಮೆಷಿನ್ನಿನ ಮೇಲೆ ಆಗುತ್ತಿದ್ದವು. ಗಿರಣಿಯ ಗುರುತಿನ ಚಿತ್ರಕ್ಕೆ ಬ್ಲಾಕ್ ಬೇಕು. ಆ ಬ್ಲಾಕ್ ಹುಬ್ಬಳ್ಳಿಯಲ್ಲಿ ಮಾಡಿಸಬೇಕು. ದುಡ್ಡು ಕೊಟ್ಟು ಮಾಡಿಸಿದವನು ಗಿರಣಿಯವನು, ಆದ್ದರಿಂದ ಬ್ಲಾಕಿನ ಒಡೆಯನೂ ಅವನೇ. ನೂರಕ್ಕೆ ಎರಡು ರೂಪಾಯಿ ಕಡಿಮೆಗೆ ಸಿಂಧನೂರಿನ ಪ್ರೆಸ್ಸು ಒಪ್ಪಿತೆಂದರೆ ಬ್ಲಾಕನ್ನು ಕಾಗದದಲ್ಲಿ ಸುತ್ತಿ ಸ್ಕೂಟರಿಗೆ ಏರಿಸಿ ಹೊರಟೇಬಿಡುತ್ತಿದ್ದ. ಮೆಷಿನ್ ನಮ್ಮದು, ಮಸಿ ನಮ್ಮದು, ಬೆವರು ನಮ್ಮದು. ಕೆಲಸ ಮಾತ್ರ ಬ್ಲಾಕಿನ ಹಿಂದೆ ಹೋಯಿತು!

ಗೊಂಬೆಯದೂ ಇದೇ ಕತೆ. ಕಾರಿನ ಹೊಟ್ಟೆಯ ಮೇಲಿನ ಆ ದೇಶದ ಹೆಸರನ್ನು ಯಾರೂ ಆಮೇಲೆ ಬರೆದದ್ದಲ್ಲ. ಅಚ್ಚಿನೊಳಗೇ ಕೊರೆದಿರುತ್ತಾರೆ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ, ತಣಿಸಿ, ತೆಗೆದರೆ ಗೊಂಬೆಯ ಕೈ, ಕಾಲು, ತಲೆ. ಮೆಷಿನ್ನನ್ನು ದುಡ್ಡಿದ್ದವನು ಯಾರು ಬೇಕಾದರೂ ತರಬಹುದು. ಅಚ್ಚು ಹಾಗಲ್ಲ. ಗೊಂಬೆಯ ಕಿವಿಯ ಮಡಿಕೆ, ಕಾರಿನ ಬಾಗಿಲ ಗೆರೆ ಎಲ್ಲವನ್ನೂ ಉಕ್ಕಿನಲ್ಲಿ ತಿರುವುಮುರುವಾಗಿ, ಕೂದಲೆಳೆಯಷ್ಟೂ ತಪ್ಪದೆ ಕೊರೆಯಬೇಕು. ಪ್ಲಾಸ್ಟಿಕ್ ತಣಿದಾಗ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಬೇಕು. ಅದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೆಲಸ. ಒಂದೊಂದಕ್ಕೆ ಲಕ್ಷಗಟ್ಟಲೆ ರೂಪಾಯಿ. ಮತ್ತು ಬಹುಪಾಲು ಸಂದರ್ಭದಲ್ಲಿ ಆ ಅಚ್ಚಿನ ಒಡೆಯ ಕಾರ್ಖಾನೆಯವನಲ್ಲ, ಬ್ರಾಂಡಿನವನು. ಬೇಡವೆನಿಸಿದ ದಿನ ಪೆಟ್ಟಿಗೆಗೆ ಹಾಕಿ ಹಡಗಿಗೆ ಏರಿಸುತ್ತಾನೆ. ಸ್ಕೂಟರಿನ ಬದಲು ಹಡಗು, ವ್ಯತ್ಯಾಸ ಅಷ್ಟೇ.

ಅಚ್ಚಿನ ಒಡೆತನ ನಮಗೆ ನಾಳೆಯೇ ಬಾರದಿರಬಹುದು. ಅಚ್ಚು ಮಾಡುವ ವಿದ್ಯೆ ಬರಬಹುದಲ್ಲ? ಅಚ್ಚು ಕೆಟ್ಟರೆ ಇಲ್ಲೇ ತಿದ್ದುವವರು, ಹೊಸದು ಬೇಕೆಂದರೆ ಮೂರು ವಾರದಲ್ಲಿ ಕೊರೆದುಕೊಡುವವರು ಕೊಪ್ಪಳದಲ್ಲಿ ನೂರಾರು ಮಂದಿ ಇದ್ದಾರೆಂದರೆ ಯಾವ ಬ್ರಾಂಡಿನವನೂ ಸುಲಭವಾಗಿ ಪೆಟ್ಟಿಗೆ ಕಟ್ಟುವುದಿಲ್ಲ. ಚೀನಾಕ್ಕೆ ಇದು ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಬಂದ ಸುದ್ದಿ ಓದಿದ್ದೀರಾ? ದಕ್ಷಿಣ ಭಾರತದ ಐಫೋನ್ ಕಾರ್ಖಾನೆಗಳಿಂದ ಫಾಕ್ಸ್‌ಕಾನ್ ಕಂಪನಿ ನೂರಾರು ಚೀನೀ ಇಂಜಿನಿಯರುಗಳನ್ನು ವಾಪಸ್ ಕಳಿಸಿತು. ಮೆಷಿನ್ ಇಲ್ಲೇ ಇತ್ತು, ಕಟ್ಟಡ ಇಲ್ಲೇ ಇತ್ತು. ಹೇಳಿಕೊಡುವವರು ಮಾತ್ರ ವಿಮಾನ ಹತ್ತಿದರು.

ಹಾಗಾದರೆ ನಮ್ಮ ಮಕ್ಕಳಿಗೆ ಹೇಳಿಕೊಡುವವರು ಯಾರು? ನಮ್ಮ ರಾಜ್ಯದಲ್ಲಿ ಜಿಟಿಟಿಸಿ ಎಂಬ ಸರ್ಕಾರಿ ಸಂಸ್ಥೆ ಇದೆ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದದ್ದು. ಈಗ ಪಕ್ಕದ ಹೊಸಪೇಟೆಯೂ ಸೇರಿ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಅಂದರೆ ಇದೇ ಅಚ್ಚು ಕೊರೆಯುವ ವಿದ್ಯೆ! ನಿಮ್ಮಲ್ಲಿ ಎಷ್ಟು ಜನ ಇದರ ಹೆಸರು ಕೇಳಿದ್ದೀರಿ? ಬಿಎ, ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಸುತ್ತುವ ನಮ್ಮ ಕಡೆಯ ಹುಡುಗರನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಇಯತ್ತೆ ಪಾಸಾದ ಹುಡುಗನಿಗೆ ಅಲ್ಲಿ ಎದುರಾಗುವ ಗೋಡೆ ಗಣಿತವಲ್ಲ, ಇಂಗ್ಲಿಷ್. ನಮ್ಮ ಫ್ಲೆಕ್ಸ್ ಅಂಗಡಿಗಳನ್ನೇ ನೋಡಿ. ಮೆಷಿನ್ ಚೀನಾದ್ದು, ಅದರ ಕೈಪಿಡಿ ಚೀನೀ ಮತ್ತು ಇಂಗ್ಲಿಷ್. ಓದಲಾಗದೆ ಕೂತ ಹುಡುಗನೇ ಆರು ತಿಂಗಳು ಕೈಯಾಡಿಸಿ ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತಿದ್ದಾನೆ. ಅವನ ತಲೆಗೆ ಕೊರತೆಯಿಲ್ಲ. ಕೊರತೆಯಿರುವುದು ಕನ್ನಡದ ಕೈಪಿಡಿಗೆ. ಆಟಿಕೆ ಅಚ್ಚಿನ ಬಗ್ಗೆ ಕನ್ನಡದಲ್ಲಿ ನೂರು ಪುಟದ ಒಂದು ಪಾಠಪುಸ್ತಕ ಬರೆಸಲು, ಅಚ್ಚು ಹಾಕಿಸಲು ಎಷ್ಟು ಖರ್ಚಾಗುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಒಬ್ಬ ಮಂತ್ರಿಯ ಒಂದು ಸಮಾರಂಭದ ಪೆಂಡಾಲಿಗಿಂತ ಕಡಿಮೆ!

ಇನ್ನು ಕಾಗದದ ಮಾತು. ಇದೂ ನನ್ನ ಕಸುಬಿನದೇ.

ಕೆಲವು ತಿಂಗಳ ಹಿಂದೆ ಕುಷ್ಟಗಿ ಕಡೆಯ ಒಬ್ಬ ಹಿರಿಯರು ನಮ್ಮ ಪ್ರೆಸ್ಸಿಗೆ ಝೆರಾಕ್ಸ್ ಮಾಡಿಸಲು ಬಂದರು. ಕೈಯಲ್ಲಿ ನಾಲ್ಕು ಹಾಳೆ. ಮಗಳು ಬೆಂಗಳೂರಿನ ಕಡೆ ಒಂದು ಕಾರ್ಖಾನೆಗೆ ಏಜೆನ್ಸಿಯ ಮೂಲಕ ಸೇರಿದ್ದಳು. "ಅಣ್ಣಾರ, ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ" ಎಂದರು. ಎಲ್ಲ ಇಂಗ್ಲಿಷ್. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಓದಿದೆ. ಸಂಬಳದ ಕೆಳಗೆ ಊಟಕ್ಕೆ, ವಸತಿಗೆ, ಬಸ್ಸಿಗೆ ಎಂದು ಮೂರು ಕಡಿತ. ಹೇಳದೆ ಕೆಲಸ ಬಿಟ್ಟರೆ ಕೊನೆಯ ತಿಂಗಳ ಸಂಬಳ ಇಲ್ಲ. ಎಲ್ಲಿಗೆ ಕಳಿಸಿದರೂ ಹೋಗಬೇಕು, ಯಾವ ಪಾಳಿ ಹಾಕಿದರೂ ಮಾಡಬೇಕು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಮೇಲಿನದನ್ನೆಲ್ಲ ಓದಿ ಅರ್ಥ ಮಾಡಿಕೊಂಡು ಸಹಿ ಹಾಕಿದ್ದೇನೆ. ಅದರ ಕೆಳಗೆ ಆ ಹುಡುಗಿಯ ಸಹಿ. ದುಂಡಗಿನ ಚಂದದ ಕನ್ನಡ ಅಕ್ಷರ.

ಈಗ ಹೇಳಿ, ಇದು ಭಾಷೆಯ ಪ್ರಶ್ನೆಯೋ, ಹೊಟ್ಟೆಯ ಪ್ರಶ್ನೆಯೋ?

2025ರ ನವೆಂಬರ್ 21ರಿಂದ ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಪ್ರತಿ ಕೆಲಸಗಾರನಿಗೂ ನೇಮಕ ಪತ್ರ ಕೊಡಲೇಬೇಕು ಎನ್ನುತ್ತದೆ ಅದು. ಹೆಣ್ಣುಮಕ್ಕಳು ರಾತ್ರಿ ಪಾಳಿ ಮಾಡಬಹುದು, ಆದರೆ ಅವರ ಒಪ್ಪಿಗೆ ಬೇಕು ಎನ್ನುತ್ತದೆ. ಬಹಳ ಒಳ್ಳೆಯದು. ಆ ನೇಮಕ ಪತ್ರ ಯಾವ ಭಾಷೆಯಲ್ಲಿ? ಆ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿ? ಓದಲು ಬಾರದ ಕಾಗದದ ಮೇಲೆ ಹಾಕಿದ ಸಹಿ ಒಪ್ಪಿಗೆ ಹೇಗಾದೀತು?

ಗೊಂಬೆ ಕಾರ್ಖಾನೆ ಎಂದರೆ ಎಲ್ಲರೂ ನಗುಮುಖದ ಫೋಟೋ ಹಾಕುತ್ತಾರೆ. ಅದರ ಇನ್ನೊಂದು ಫೋಟೋವೂ ಇದೆ. 1993ರ ಮೇ 10ರಂದು ಥಾಯ್ಲೆಂಡಿನ ಕೇಡರ್ ಗೊಂಬೆ ಕಾರ್ಖಾನೆಗೆ ಬೆಂಕಿ ಬಿತ್ತು. ಹಾಂಗ್‌ಕಾಂಗಿನ ಆಟಿಕೆ ವ್ಯಾಪಾರ ಕಡಿಮೆ ಕೂಲಿ ಹುಡುಕುತ್ತ ಅಲ್ಲಿಗೆ ಹೋಗಿ ಕಟ್ಟಿಸಿದ್ದ ಕಾರ್ಖಾನೆ. 188 ಮಂದಿ ಸತ್ತರು. ಹೆಚ್ಚಿನವರು ಹಳ್ಳಿಗಳಿಂದ ಬಂದ ಎಳೆಯ ಹೆಣ್ಣುಮಕ್ಕಳು. ಅದೇ ವರ್ಷ ನವೆಂಬರ್ 19ರಂದು ಶೆಂಜೆನ್‌ನ ಝಿಲಿ ಗೊಂಬೆ ಕಾರ್ಖಾನೆಯಲ್ಲಿ 87 ಮಂದಿ. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಕೊಪ್ಪಳದಲ್ಲಿ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆಗದಿರಲಿ. ಆದರೆ ಬೆಂಕಿ ಬಿದ್ದಾಗ ಓಡಬೇಕಾದ ಬಾಗಿಲಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು. ಮೆಷಿನ್ನಿನ ಮೇಲಿನ ಎಚ್ಚರಿಕೆ ಕನ್ನಡದಲ್ಲಿ ಇರಬೇಕು. ಅಡ್ಡ ಬಂದ ಬೆರಳನ್ನು ಇಂಜೆಕ್ಷನ್ ಮೆಷಿನ್ ಬಿಡುವುದಿಲ್ಲ.

ನಮ್ಮ ರಾಜ್ಯದಲ್ಲೇ ಪಾಠ ಬೇಕೆ? ಕೋಲಾರದ ನರಸಾಪುರ. ಚೀನಾದಿಂದ ಭಾರತಕ್ಕೆ ಐಫೋನ್ ಬಂತು ಎಂದು ಕುಣಿದ ಜಾಗ. 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬರುತ್ತಿಲ್ಲ ಎಂದು ಕೆರಳಿದ ಕೆಲಸಗಾರರು ವಿಸ್ಟ್ರಾನ್ ಕಾರ್ಖಾನೆಯ ಗಾಜು ಪುಡಿ ಮಾಡಿದರು. ಗಾಜು ಒಡೆದದ್ದು ತಪ್ಪು. ಆದರೆ ಒಂದೇ ವಾರದಲ್ಲಿ ಕಂಪನಿಯೇ ಕೆಲವು ಕೆಲಸಗಾರರಿಗೆ ಸರಿಯಾಗಿ ಸಂಬಳ ಸಂದಿರಲಿಲ್ಲ ಎಂದು ಒಪ್ಪಿಕೊಂಡಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಕಂಪನಿಯ ನೌಕರರೇ ಅಲ್ಲ, ಗುತ್ತಿಗೆ ಏಜೆನ್ಸಿಗಳವರು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಹೋಯಿತು. ವಿಸ್ಟ್ರಾನ್ ಹೋಗಿಯೂ ಆಯಿತು!

ಇನ್ನು ಕನ್ನಡಿಗರಿಗೆ ಕೆಲಸ ಎಂಬ ಹಳೆಯ ಹಾಡು. ಸರೋಜಿನಿ ಮಹಿಷಿ ಸಮಿತಿ ಹೇಳಿ ನಾಲ್ಕು ದಶಕವಾಯಿತು. ನಮಗೆ 371ಜೆ ಇದೆಯಲ್ಲ ಎಂದು ನಮ್ಮ ಭಾಗದ ಹುಡುಗರು ಹೇಳುತ್ತಾರೆ. ಇದೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಲ್ಲಿ ಸಿ ದರ್ಜೆಗೆ ಶೇ. 80, ಡಿ ದರ್ಜೆಗೆ ಶೇ. 85 ಸ್ಥಳೀಯರಿಗೆ. ಆದರೆ ಅದು ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಕಾಲಿಡುವುದಿಲ್ಲ. ಅಲ್ಲಿಗೆ ಬೇರೆ ಮಂತ್ರ. 2020-25ರ ಕೈಗಾರಿಕಾ ನೀತಿ ಒಟ್ಟು ಕೆಲಸದಲ್ಲಿ ಶೇ. 70, ಡಿ ದರ್ಜೆಯಲ್ಲಿ ಶೇ. 100 ಕನ್ನಡಿಗರಿಗೆ ಎಂದಿತ್ತು. ಹೀಗೆ ಮೀಸಲು ಕೊಡದವರಿಗೆ ರಿಯಾಯಿತಿ ಇಲ್ಲ ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಬರೆದುಕೊಂಡಿದೆ. 2024ರ ಜುಲೈನಲ್ಲಿ ಸಂಪುಟ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಆಡಳಿತ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ನಾಲ್ಕು ದೊಡ್ಡ ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಎರಡೇ ದಿನಕ್ಕೆ ಮಸೂದೆಯನ್ನು ಪಕ್ಕಕ್ಕಿಟ್ಟರು! ಒಂದು ಮದುವೆ ಪತ್ರಿಕೆಯ ಪ್ರೂಫ್ ತಿದ್ದುವುದಕ್ಕೇ ನಮ್ಮಲ್ಲಿ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಬಿಹಾರದಿಂದಲೋ ಒಡಿಶಾದಿಂದಲೋ ಬಂದು ದುಡಿಯುವ ಹುಡುಗನ ಮೇಲೆ ಕೈ ಎತ್ತುವವರಿಗೆ ಇಲ್ಲೊಂದು ಮಾತು. ಅವನೂ ನಮ್ಮ ಕುಷ್ಟಗಿಯವರ ಹಾಗೆ ಗುಳೆ ಬಂದವನು. ಅವನನ್ನು ಕರೆತಂದು ಸ್ಥಳೀಯರಿಗಿಂತ ಕಡಿಮೆಗೆ ದುಡಿಸುವ ಗುತ್ತಿಗೆದಾರನನ್ನು ಕೇಳಿ. ಅವನಿಗೆ ಪರವಾನಗಿ ಕೊಟ್ಟ ಇಲಾಖೆಯನ್ನು ಕೇಳಿ. ದಾರಿಯಲ್ಲಿ ಸಿಕ್ಕ ಬಡವನನ್ನು ಹೆದರಿಸುವುದು ಕನ್ನಡದ ಕೆಲಸವಲ್ಲ.

ಇಲ್ಲಿ ಕಿನ್ನಾಳವನ್ನು ನೆನೆಯದೆ ಹೇಗೆ? ಆಟಿಕೆಗೆ ಕೊಪ್ಪಳ ಹೊಸದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಗೊಂಬೆ ಮಾಡುತ್ತ ಬಂದಿವೆ. ಹಗುರ ಮರ ಕೆತ್ತಿ, ಮರದ ಹೊಟ್ಟು, ಗೋಣಿನಾರು, ಹುಣಸೆಬೀಜದ ಅಂಟಿನಿಂದ ಮೈ ತುಂಬಿ, ಬಣ್ಣ ಬಳಿದು ನಿಲ್ಲಿಸಿದ ಗರುಡ, ಹನುಮ, ಹಸು. ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ, ಐಎಸ್‌ಐ ಕಡ್ಡಾಯದಿಂದ ವಿನಾಯಿತಿಯೂ ಇದೆ. ಅಲ್ಲಿ ಅಚ್ಚು ಯಾರ ಪೆಟ್ಟಿಗೆಯಲ್ಲೂ ಇಲ್ಲ, ಚಿತ್ರಗಾರನ ಬೆರಳಿನಲ್ಲಿದೆ. ಹೊತ್ತೊಯ್ಯಲು ಬರುವುದಿಲ್ಲ. ಆ ಬೆರಳಿಗೂ ಭಾನಾಪುರದ ಮೆಷಿನ್ನಿಗೂ ನಡುವೆ ಒಂದು ಸೇತುವೆ ಹಾಕಬೇಕೆಂದು ಯಾವ ಅಧಿಕಾರಿಗೂ ಹೊಳೆದ ಹಾಗೆ ಕಾಣೆ. ಕಿನ್ನಾಳದ ಒಬ್ಬ ಹುಡುಗ ಗೊಂಬೆಯ ಮೂಲ ಮಾದರಿ ಕೆತ್ತಲಿ, ಗಂಗಾವತಿಯ ಒಬ್ಬ ಹುಡುಗಿ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಲಿ, ಕುಕನೂರಿನ ಒಬ್ಬ ಹುಡುಗ ಉಕ್ಕಿನಲ್ಲಿ ಕೊರೆಯಲಿ. ಆಗ ಗೊಂಬೆಯ ಹೊಟ್ಟೆಯ ಕೆಳಗಿನ ಹೆಸರು ಸುಳ್ಳಾಗುವುದಿಲ್ಲ.

ಬೇಲಿಯೊಳಗಿನ ಕಾನೂನನ್ನೂ ಸ್ವಲ್ಪ ತಿಳಿದಿರಿ. ವಿಶೇಷ ಆರ್ಥಿಕ ವಲಯ ಎಂದು ಗುರುತಾದ ನೆಲವನ್ನು 2005ರ ಕಾಯ್ದೆ ಸುಂಕದ ಲೆಕ್ಕಕ್ಕೆ ದೇಶದ ಹೊರಗಿನದು ಎಂದೇ ಭಾವಿಸುತ್ತದೆ. ಸುಂಕದ ಲೆಕ್ಕಕ್ಕೆ ಮಾತ್ರ! ಕನ್ನಡದ ಲೆಕ್ಕಕ್ಕೆ, ಕಾರ್ಮಿಕನ ಲೆಕ್ಕಕ್ಕೆ ಅದು ಕೊಪ್ಪಳ ಜಿಲ್ಲೆಯೇ. ಅಮೆರಿಕಕ್ಕೆ ಹೋಗುವ ಡಬ್ಬಿಯ ಮೇಲೆ ಇಂಗ್ಲಿಷ್ ಇರಲಿ, ತಕರಾರಿಲ್ಲ. ಇಲ್ಲೇ ಮಾಡಿ ಇಲ್ಲೇ ಮಾರುವ ಸರಕಿನ ಮೇಲೆ ಕನ್ನಡ ಇರಬೇಕು ಎಂದು ರಾಜ್ಯದ ಕಾನೂನೂ ಹೇಳುತ್ತದೆ, 2024ರ ರಾಜ್ಯೋತ್ಸವದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಹೇಳಿದರು. ಡಬ್ಬಿ ಅಚ್ಚು ಹಾಕುವ ಕೆಲಸ ಶಿವಕಾಶಿಗೆ ಹೋಗಬೇಕಾಗಿಲ್ಲ ಎಂದು ನಾನು ಹೇಳಿದರೆ ನೀವು ನಗುತ್ತೀರಿ, ನನ್ನ ಹೊಟ್ಟೆಪಾಡಿನ ಮಾತು ಎನ್ನುತ್ತೀರಿ. ಹೌದು, ಹೊಟ್ಟೆಪಾಡಿನದೇ. ಕಾರ್ಖಾನೆಯೊಂದು ಊರಿಗೆ ಬೇರು ಬಿಡುವುದು ಇಂಥ ಹತ್ತಾರು ಹೊಟ್ಟೆಪಾಡುಗಳ ಮೂಲಕವೇ.

ಅವಸರ ಯಾಕೆಂದರೆ, ಗಾಳಿ ಯಾವಾಗ ತಿರುಗುತ್ತದೋ ಹೇಳಲಾಗದು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಮಾಲಿನ ಮೇಲೆ ಶೇ. 145 ಸುಂಕ ಹೇರಿತು. ಇನ್ನೇನು, ಚೀನಾದ ಕೆಲಸವೆಲ್ಲ ಪಕ್ಕದ ನಮಗೇ ಎಂದು ಟಿವಿಯವರು ಕೂಗಿದರು. ಮೇ ತಿಂಗಳಿಗೆ ಅದನ್ನು 30ಕ್ಕೆ ಇಳಿಸಿದರು. ಆಗಸ್ಟ್ 27ರಂದು ನಮ್ಮ ಮೇಲೆಯೇ ಶೇ. 50 ಹೇರಿದರು! ವಾಷಿಂಗ್ಟನ್ನಿನಲ್ಲಿ ಒಬ್ಬರು ಹಾಕುವ ಸಹಿಗೆ ಭಾನಾಪುರದ ಒಂದು ಪಾಳಿ ನಿಲ್ಲಬಹುದು, ಇನ್ನೊಂದು ಸಹಿಗೆ ಎರಡು ಪಾಳಿ ಹೆಚ್ಚಬಹುದು. ಕಂಪನಿಯ ಕೈಯಲ್ಲೂ ಅದಿಲ್ಲ. ಅದು ನಡೆದೇ ಇರುತ್ತದೆ. ಅಷ್ಟರೊಳಗೆ ನಮ್ಮವರ ಕೈಗೆ ಎಷ್ಟು ವಿದ್ಯೆ ದಕ್ಕಿತು ಎಂಬುದೊಂದೇ ನಮ್ಮ ವಶದಲ್ಲಿರುವುದು.

2020ರಲ್ಲಿ ಹೇಳಿದ ಐದು ವರ್ಷ 2025ಕ್ಕೇ ಮುಗಿಯಿತು. 40,000 ಎಂದಿದ್ದರು. ಲೆಕ್ಕ ಕೇಳುವ ಹೊತ್ತು ಬಂದಿದೆ. ಏಕಸ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಷೇರು ಪೇಟೆಗೂ ಬಂದಿದೆ, ಇನ್ನು ವರ್ಷಕ್ಕೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸಲೇಬೇಕು. ಷೇರುದಾರರಿಗೆ ಒಪ್ಪಿಸುವ ಲೆಕ್ಕವನ್ನು ನೆಲ ಕೊಟ್ಟ ಜಿಲ್ಲೆಗೆ ಒಪ್ಪಿಸಲು ಸರ್ಕಾರಕ್ಕೆ ಏನು ಕಷ್ಟ?

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಮೆರವಣಿಗೆ ಆಮೇಲೆ ಮಾಡೋಣ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಇದು ನಮ್ಮ ರಾಜ್ಯದ ನಿಯಮ. ಆದ್ದರಿಂದ ಒಂದೊಂದು ಪ್ರಶ್ನೆಯನ್ನು ಒಬ್ಬೊಬ್ಬರು ಹಂಚಿಕೊಳ್ಳಿ. ಕೊಪ್ಪಳದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಬ್ಬರು ಕೇಳಿ: ಭಾನಾಪುರ ಕ್ಲಸ್ಟರಿಗೆ ಈವರೆಗೆ ಕೊಟ್ಟ ರಿಯಾಯಿತಿ ಎಷ್ಟು, ಅದಕ್ಕೆ ಹಾಕಿದ ಉದ್ಯೋಗದ ಷರತ್ತು ಏನು? ಇನ್ನೊಬ್ಬರು: ದುಡಿಯುತ್ತಿರುವವರು ಎಷ್ಟು ಮಂದಿ, ಅದರಲ್ಲಿ ಕೊಪ್ಪಳ ಜಿಲ್ಲೆಯವರು ಎಷ್ಟು? ಕಾರ್ಮಿಕ ಇಲಾಖೆಗೆ ಮತ್ತೊಬ್ಬರು: ಗುತ್ತಿಗೆದಾರರ ಮೂಲಕ ಬಂದವರು ಎಷ್ಟು, ಆ ಗುತ್ತಿಗೆದಾರರು ಯಾರು? ಕಾರ್ಖಾನೆ ಇಲಾಖೆಗೆ: ಎಚ್ಚರಿಕೆ ಫಲಕ ಕನ್ನಡದಲ್ಲಿ ಇದೆಯೇ ಎಂದು ಕೊನೆಯ ಬಾರಿ ತಪಾಸಣೆ ಮಾಡಿದ್ದು ಯಾವಾಗ? ಜಿಟಿಟಿಸಿಗೆ: ಈ ಕ್ಲಸ್ಟರಿಗಾಗಿ ಅಚ್ಚು ಕೆಲಸದಲ್ಲಿ ತರಬೇತಿ ಪಡೆದ ನಮ್ಮ ಜಿಲ್ಲೆಯ ಮಕ್ಕಳು ಎಷ್ಟು?

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರದ ಒಂದು ಪ್ರತಿಯನ್ನು ಪತ್ರಿಕೆಗೆ ತಲುಪಿಸಿ. ಅಂಕಿ ಒಳ್ಳೆಯದಿದ್ದರೂ ಅಚ್ಚು ಹಾಕುತ್ತೇವೆ, ಕೆಟ್ಟದ್ದಿದ್ದರೂ ಹಾಕುತ್ತೇವೆ. ಅರ್ಜಿಯ ನಮೂನೆ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಕತ್ತರಿಸಿಕೊಳ್ಳಿ.